ಕೋಹಾದ ಝಡ್39.50: ಇಂಗ್ಲಿಷ್ ಪುಸ್ತಕಕ್ಕೆ ಸಲೀಸು, ಕನ್ನಡಕ್ಕೆ ಕೈಕೆಲಸ ಜಾಸ್ತಿ

ನಮ್ಮ ಕಾಲೇಜು ಲೈಬ್ರರಿಗೆ ಕೋಹಾ ಎಂಬ ಲೈಬ್ರರಿ ಸಾಫ್ಟ್‌ವೇರ್ ಬಂದು ಹಲವು ವರ್ಷಗಳಾದವು. ಅದರಲ್ಲಿ ನನಗೆ ದಿನವೂ ಬೇಕಾಗುವುದು ಝಡ್39.50 ಹುಡುಕಾಟ, ಅಂದರೆ ಬೇರೆ ಲೈಬ್ರರಿಗಳ ಕ್ಯಾಟಲಾಗಿನಲ್ಲಿ ಹುಡುಕಿ ಪುಸ್ತಕದ ರೆಕಾರ್ಡ್ ತರಿಸಿಕೊಳ್ಳುವ ವ್ಯವಸ್ಥೆ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಹಾಕಿದರೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಂಥ ಕ್ಯಾಟಲಾಗಿನಿಂದ ಪೂರ್ತಿ ಮಾರ್ಕ್ ರೆಕಾರ್ಡ್ (ಪುಸ್ತಕದ ವಿವರಗಳನ್ನು ಸಂಖ್ಯೆ ಹಾಕಿದ ಫೀಲ್ಡುಗಳಲ್ಲಿ ಜೋಡಿಸಿದ ದಾಖಲೆ) ಇಳಿಯುತ್ತದೆ, ಅದೂ ಪುಕ್ಕಟೆ. ನಮ್ಮ ಪ್ರತಿಯ ವಿವರ ಬರೆಯುವ 952ನೇ ಫೀಲ್ಡಿನಲ್ಲಿ ಬಾರ್‌ಕೋಡ್, ಬೆಲೆ ಸೇರಿಸಿದರೆ ಮುಗಿಯಿತು. ವಿದೇಶಿ ಪುಸ್ತಕಗಳಿಗೆ ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ.

ಭಾರತದ ಅಗ್ಗದ ಮುದ್ರಣಗಳಲ್ಲಿ ಮಾತ್ರ ಹುಷಾರು. ಅವುಗಳ ಐಎಸ್‌ಬಿಎನ್ 978-81 ಅಥವಾ 978-93ರಿಂದ ಶುರುವಾಗುತ್ತದೆ, ಎಷ್ಟೋ ಸಲ ಅಲ್ಲಿ ಸಿಗುವುದಿಲ್ಲ. ಶೀರ್ಷಿಕೆಯಿಂದ ಹುಡುಕಿದರೆ ಮೂಲ ಮುದ್ರಣದ ರೆಕಾರ್ಡ್ ಬರುತ್ತದೆ. ಪ್ರಕಾಶಕರು, ವರ್ಷ, ಪುಟ ತಿದ್ದಿಯೇ ಉಳಿಸಿ.

ಕನ್ನಡದ ಕತೆಯೇ ಬೇರೆ. ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ದೆಹಲಿ ಕಚೇರಿಯ ಮೂಲಕ ಕನ್ನಡ ಪುಸ್ತಕಗಳನ್ನು ತರಿಸಿಕೊಳ್ಳುತ್ತದೆ, ಹಾಗಾಗಿ ಐಎಸ್‌ಬಿಎನ್ ಇಲ್ಲದ ಹಳೆಯ ಪುಸ್ತಕಗಳ ರೆಕಾರ್ಡೂ ಅಲ್ಲಿವೆ. ಆದರೆ ಶೀರ್ಷಿಕೆ ರೋಮನ್ ಲಿಪಿಯಲ್ಲಿ: ದೀರ್ಘಕ್ಕೆ ಮೇಲೊಂದು ಗೆರೆ, ಳ, ಣಗಳಿಗೆ ಕೆಳಗೊಂದು ಚುಕ್ಕೆ. ಕನ್ನಡದಲ್ಲಿ ಟೈಪ್ ಮಾಡಿದರೆ ಸಾಮಾನ್ಯವಾಗಿ ಖಾಲಿ. ನಾವು ಫೋನಿನಲ್ಲಿ ಬರೆಯುವ ಕಂಗ್ಲಿಷ್ ಸ್ಪೆಲಿಂಗಿಗೂ ಸಿಗುವುದಿಲ್ಲ, ಯಾಕೆಂದರೆ ಅವರ ಪದ್ಧತಿಯಲ್ಲಿ ಚ ಅಂದರೆ ಬರೀ ಸಿ, ಶ ಅಂದರೆ ಮೇಲೆ ಗುರುತು ಇರುವ ಎಸ್. 'ಚರಿತ್ರೆ', 'ಶಾಸನ' ಎಂಬ ಪದಗಳಿಗೆ ಎಚ್ ಸೇರಿಸದೆ ಹುಡುಕಿ ನೋಡಿ, ಪುಸ್ತಕಗಳು ಹೊರಗೆ ಬರುತ್ತವೆ.

ಬಂದದ್ದನ್ನು ಹಾಗೇ ಉಳಿಸಿದರೆ ಏನು ಪ್ರಯೋಜನ? ನಮ್ಮ ಹುಡುಗರು ಕನ್ನಡದಲ್ಲಿ ಹುಡುಕುತ್ತಾರೆ, ಕಪಾಟಿನಲ್ಲಿ ಇರುವ ಪುಸ್ತಕವೇ ಇಲ್ಲ ಅಂತ ತೋರಿಸುತ್ತದೆ. ಅದಕ್ಕೆ ನಾನು ಮುಖ್ಯ ಶೀರ್ಷಿಕೆಯ ಫೀಲ್ಡ್ 245ರಲ್ಲಿ ಶೀರ್ಷಿಕೆ, ಲೇಖಕರ ಹೆಸರು ಎರಡನ್ನೂ ಕನ್ನಡದಲ್ಲಿ ಕೂರಿಸಿ ರೋಮನ್ ಶೀರ್ಷಿಕೆಯನ್ನು ಪರ್ಯಾಯ ಶೀರ್ಷಿಕೆಯ ಫೀಲ್ಡ್ 246ಕ್ಕೆ ಕಳಿಸುತ್ತೇನೆ. ಹೊತ್ತು ಹಿಡಿಯುತ್ತದೆ, ಆದರೂ ಬಿಡಬಾರದ ಕೆಲಸ. ಹಾಗೇ ವಿಷಯವಾರು ಡ್ಯೂಯಿ ವರ್ಗ ಸಂಖ್ಯೆ ಇರುವ ಫೀಲ್ಡ್ 082 ಒಮ್ಮೆ ನೋಡಿ. ಕನ್ನಡ ಸಾಹಿತ್ಯದ 894.814 ಹಳೆಯ ರೆಕಾರ್ಡುಗಳಲ್ಲಿ ನಡುವೆ ಓರೆಗೆರೆ ಹಾಕಿಕೊಂಡು ಬರುತ್ತದೆ. ತೆಗೆಯದಿದ್ದರೆ ಬೆನ್ನಿನ ಲೇಬಲ್ಲಿಗೂ ಅದೇ ಬೀಳುತ್ತದೆ.

ಹುಡುಕಿದರೆ ಏನೂ ಬರುತ್ತಿಲ್ಲ ಅಂದರೆ ಮೊದಲು ಕಾಲೇಜು ನೆಟ್‌ವರ್ಕಿನ ಫೈರ್‌ವಾಲ್‌ನಲ್ಲಿ ಈ ಹುಡುಕಾಟ ಸಾಮಾನ್ಯವಾಗಿ ಬಳಸುವ ಪೋರ್ಟ್ 210 ತೆರೆದಿದೆಯಾ ಕೇಳಿ, ಸುಮ್ನೆ ಕೋಹಾವನ್ನು ಬೈಯಬೇಡಿ. ಅಕ್ಷರ ಒಡೆದು ಬಂದರೆ ಕೋಹಾದಲ್ಲಿ ಆ ಸರ್ವರಿಗೆ ಕೊಟ್ಟಿರುವ ಎನ್‌ಕೋಡಿಂಗ್ (ಅಕ್ಷರಗಳನ್ನು ಓದುವ ವಿಧಾನ) ಸೆಟ್ಟಿಂಗ್ ನೋಡಿ.

ಇನ್ನೊಂದು ಮಾತು. ಕೋಹಾ ತಾನೇ ಝಡ್39.50 ಸರ್ವರ್ ಕೂಡ ಆಗಬಲ್ಲದು, ಅಂದರೆ ತನ್ನ ರೆಕಾರ್ಡುಗಳನ್ನು ಬೇರೆ ಲೈಬ್ರರಿಗಳಿಗೆ ಕೊಡಬಲ್ಲದು. ಕನ್ನಡ ಲಿಪಿಯಲ್ಲಿ ರೆಕಾರ್ಡ್ ಮಾಡಿಟ್ಟಿರುವ ಲೈಬ್ರರಿಗಳವರು ದಯವಿಟ್ಟು ಅದನ್ನು ಆನ್ ಮಾಡಿ, ವಿಳಾಸ ಹಂಚಿ. ಒಂದೇ ಪುಸ್ತಕವನ್ನು ಊರೂರಲ್ಲಿ ಕೂತು ಮತ್ತೆ ಮತ್ತೆ ಯಾಕೆ ಟೈಪ್ ಮಾಡಬೇಕು, ಅಲ್ವಾ?