ಉದ್ಯಮಬಾಗದ ಫೌಂಡ್ರಿಗಳಿಗೆ ನಾಲ್ಕು ದಿನದ ವರ್ಕ್ ಸ್ಟಡಿ ತರಬೇತಿ: ಕೊಳ್ಳಬಹುದು, ಆದರೆ ಕೊನೆಯ ದಿನವನ್ನು ಮೊದಲಿಗೆ ತನ್ನಿ

ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹೊನಗಾ ಭಾಗದ ಫೌಂಡ್ರಿ (ಲೋಹ ಕರಗಿಸಿ ಅಚ್ಚಿಗೆ ಸುರಿಯುವ ಕಾರ್ಖಾನೆ) ಮತ್ತು ಮಷೀನ್ ಶಾಪ್‌ಗಳಿಗೆ ಬಂದು, ಅಲ್ಲಿಯೇ ನಾಲ್ಕು ದಿನ ವರ್ಕ್ ಸ್ಟಡಿ, ಅಂದರೆ ಕೆಲಸದ ವಿಧಾನ ಮತ್ತು ಅದಕ್ಕೆ ಹಿಡಿಯುವ ಸಮಯದ ಅಧ್ಯಯನ, ಕಲಿಸುವ ತರಬೇತಿ ಇದು. ಒಂದು ತಂಡದಲ್ಲಿ 15 ಮಂದಿ: ಸುಪರ್‌ವೈಸರ್, ಫೋರ್‌ಮನ್, ಜೊತೆಗೆ ಕೆಲಸಗಾರರ ಕಡೆಯಿಂದ ಮೂವರು. ಕಲಿಸುವ ಸಂಸ್ಥೆಯ ಹೆಸರು ಇಲ್ಲಿ ಬೇಡ. ಬೇರೆ ಯಾರಿಂದ ಇಂಥ ತರಬೇತಿ ಕೊಂಡರೂ ಕೇಳಬೇಕಾದ ಪ್ರಶ್ನೆಗಳು ಇವೇ.

ಮೊದಲ ದಿನ ಕೆಲಸದ ವಿಧಾನದ ಅಧ್ಯಯನ. ನಾಲ್ಕು ದಿನಗಳಲ್ಲಿ ಅತ್ಯಂತ ಚೆನ್ನಾಗಿ ನಡೆಯುವುದು ಇದೇ. ಅಧ್ಯಯನಕ್ಕೆ ಕೆಲಸ ಆರಿಸುವುದರಿಂದ ಹಿಡಿದು ಹೊಸ ವಿಧಾನವನ್ನು ಜಾರಿ ಮಾಡಿ ಉಳಿಸಿಕೊಳ್ಳುವ ತನಕ ಎಂಟು ಹಂತಗಳನ್ನು ಬೋರ್ಡಿನ ಮೇಲೆ ಬರೆದು ಬಿಡದೆ, ತಂಡವನ್ನು ನೇರ ಕೋರ್ ಶಾಪಿಗೆ (ಎರಕದೊಳಗಿನ ಟೊಳ್ಳಿಗೆ ಬೇಕಾದ ಮರಳಿನ ತುಂಡು ಮಾಡುವ ಜಾಗಕ್ಕೆ) ಕರೆದೊಯ್ಯುತ್ತಾರೆ. ಶಾಪಿನ ನಕ್ಷೆಯನ್ನು 1:50 ಅಳತೆಯಲ್ಲಿ ಬರೆದು ಪ್ಲೈವುಡ್ ಮೇಲೆ ಅಂಟಿಸಿ, ಮರಳು ಕಲಸುವ ಮಿಕ್ಸರ್, ಕೋರ್ ಮೇಜು, ಒಲೆ, ರ‍್ಯಾಕ್ ಇರುವಲ್ಲೆಲ್ಲ ಗುಂಡುಸೂಜಿ ಚುಚ್ಚುತ್ತಾರೆ. ಹೆಲ್ಪರ್ ಒಬ್ಬರು ಒಂದು ಗಂಟೆಯಲ್ಲಿ ಎಲ್ಲಿಂದ ಎಲ್ಲಿಗೆ ಹೋದರೋ ಆ ದಾರಿಯಲ್ಲೇ ಸೂಜಿಯಿಂದ ಸೂಜಿಗೆ ದಾರ ಸುತ್ತುತ್ತಾರೆ. ಆಮೇಲೆ ದಾರ ಬಿಚ್ಚಿ ಅಳೆದರಾಯಿತು. ದಾರ 6.4 ಮೀಟರ್ ಬಂದರೆ ನಡಿಗೆ 320 ಮೀಟರ್. ಎರಡು ಸೂಜಿಗಳ ನಡುವೆ ದಾರ ದಪ್ಪ ಕಟ್ಟಿದ್ದರೆ ಯಾವ ರ‍್ಯಾಕನ್ನು ಯಾವ ಮೇಜಿನ ಹತ್ತಿರ ತರಬೇಕು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಓದು ಕಡಿಮೆ ಇರುವವರಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ. ಕೆಲಸಗಾರರು ಮೊದಲು ಬಾಯಿ ತೆರೆಯುವುದೂ ಇಲ್ಲಿಯೇ.

ಎರಡನೇ ದಿನ ಸ್ಟಾಪ್‌ವಾಚ್. ಬೋರ್ಡಿಗೆ ಕಟ್ಟಿದ, ನಿಮಿಷವನ್ನು ನೂರು ಭಾಗ ಮಾಡಿದ ಗಡಿಯಾರವನ್ನೇ ಕೊಡುತ್ತಾರೆ. ಇದು ಒಳ್ಳೆಯ ಆಯ್ಕೆ. ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ 1 ನಿಮಿಷ 25 ಸೆಕೆಂಡ್ ಕಂಡದ್ದನ್ನು 1.25 ಎಂದು ಬರೆದುಕೊಳ್ಳುವ ತಪ್ಪು ಬಹಳ ಸಾಮಾನ್ಯ. ಅದು ನಿಜಕ್ಕೂ 1.42. ಒಂದು ಸಾಲಿನಲ್ಲಿ ಹೀಗಾದರೆ ಲೆಕ್ಕ 12 ಶೇಕಡಾ ಕಡಿಮೆ ಬೀಳುತ್ತದೆ, ಆ ಹೊರೆ ಮರಳಿನ ಅಚ್ಚು ಮಾಡುವ ಮೋಲ್ಡರ್ ಬೆನ್ನಿಗೆ ಹೋಗುತ್ತದೆ. ಕೆಲಸವನ್ನು ತುಂಡು ಮಾಡುವುದನ್ನೂ ಸರಿಯಾಗಿ ಕಲಿಸುತ್ತಾರೆ: ಒಂದು ತುಂಡು ಎಲ್ಲಿ ಮುಗಿಯಿತು ಎಂಬುದು ಕಣ್ಣಿಗೋ ಕಿವಿಗೋ ಸ್ಪಷ್ಟವಾಗಿ ಸಿಗಬೇಕು. ಮೋಲ್ಡಿಂಗ್ ಮಷೀನಿನಲ್ಲಿ ಜೋಲ್ಟ್ (ಮರಳು ಕೂರಲು ಬಾಕ್ಸನ್ನು ಕುಕ್ಕುವುದು) ನಿಂತ ಸದ್ದು, ಅಚ್ಚಿನ ಬಾಕ್ಸ್ ನೆಲಕ್ಕೆ ತಾಗಿದ ಸದ್ದು ಇದಕ್ಕೆ ಹೇಳಿ ಮಾಡಿಸಿದಂತಿವೆ.

ಲೆಕ್ಕ ತೋರಿಸುವ ಉದಾಹರಣೆ ಸಾಕಷ್ಟು ಗಟ್ಟಿಯಾಗಿದೆ. ಕೆಳಬಾಕ್ಸ್ (ಅಚ್ಚಿನ ಕೆಳಗಿನ ಅರ್ಧ) ಒಂದಕ್ಕೆ ಪ್ಯಾಟರ್ನ್ (ಎರಕದ ಮಾದರಿ) ಮೇಲೆ ಬಾಕ್ಸ್ ಇಡಲು 0.20 ನಿಮಿಷ, ಮರಳು ಅಂಟದಂತೆ ಪಾರ್ಟಿಂಗ್ ಪುಡಿ ಹೊಡೆಯಲು 0.15, ಹಾಪರ್‌ನಿಂದ ಮರಳು ತುಂಬಲು 0.25, ಜೋಲ್ಟ್ ಮತ್ತು ಸ್ಕ್ವೀಜ್ (ಮರಳು ಒತ್ತುವುದು) 0.30, ಬಾಕ್ಸ್ ಎತ್ತಲು 0.18, ನೆಲದ ಸಾಲಿಗೆ ಒಯ್ದು ಇಡಲು 0.32. ಒಟ್ಟು 1.40. ಇದರಲ್ಲಿ ಮಷೀನ್ ತಾನೇ ನಡೆಸುವ 0.30ಕ್ಕೆ ರೇಟಿಂಗ್ (ಗೊತ್ತುಮಾಡಿದ ವೇಗವನ್ನು 100 ಎಂದಿಟ್ಟು ಕೆಲಸಗಾರರ ವೇಗಕ್ಕೆ ಕೊಡುವ ಅಂಕ) ಹಾಕಬಾರದು, ಅದರ ವೇಗ ಮನುಷ್ಯನ ಕೈಯಲ್ಲಿಲ್ಲ. ಕೈಕೆಲಸದ 1.10ಕ್ಕೆ ರೇಟಿಂಗ್ 90 ಎಂದಿಟ್ಟರೆ 0.99, ಮಷೀನಿನದು ಸೇರಿ 1.29.

ತರಬೇತಿ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಈ 1.29ಕ್ಕೆ ದಣಿವಿನ ಭತ್ಯೆ (ಹಣವಲ್ಲ, ದಣಿವು ಮತ್ತು ಸ್ವಂತ ಅಗತ್ಯಕ್ಕೆ ಕೂಡಿಸುವ ಸಮಯ) ಎಂದು 12 ಶೇಕಡಾ ಸೇರಿಸಿ 1.44 ನಿಮಿಷ ಎಂದು ಮುಗಿಸಿಬಿಡುತ್ತಾರೆ. ನೀರು-ಶೌಚಕ್ಕೆ 5, ಮೂಲ ದಣಿವಿಗೆ 4, ನಿಂತು ಮಾಡುವುದಕ್ಕೆ 2, ಇನ್ನೊಂದಿಷ್ಟು ಎಂದರೆ 12 ಆಗುತ್ತದೆ ನಿಜ. ಅದು ಫ್ಯಾನ್ ಕೆಳಗೆ ಸಣ್ಣ ಭಾಗ ಜೋಡಿಸುವವರಿಗೆ ಸರಿ. ಫೌಂಡ್ರಿಯಲ್ಲಿ ಬಾಕ್ಸಿನ ತೂಕ, ಬಾಗಿ ಏಳುವುದು, ಮರಳಿನ ಧೂಳು, ಜೋಲ್ಟ್ ಸದ್ದು, ಲೋಹ ಸುರಿಯುವ ಪೋರಿಂಗ್ ಸಾಲಿನ ಕಾವು ಇವೆಲ್ಲಕ್ಕೂ ಬೇರೆ ಬೇರೆ ಅಂಕ ಸೇರಲೇಬೇಕು. 20 ಶೇಕಡಾ ಹಿಡಿದರೆ 1.55 ನಿಮಿಷ. ಊಟದ ಅರ್ಧ ಗಂಟೆ ಕಳೆದ 450 ನಿಮಿಷದ ಪಾಳಿಗೆ ಮೊದಲ ಲೆಕ್ಕದಲ್ಲಿ ಸುಮಾರು 311 ಬಾಕ್ಸ್, ಎರಡನೆಯದರಲ್ಲಿ 290. ಈ 21 ಬಾಕ್ಸಿನ ಮೇಲೆಯೇ ಜಗಳ ಹುಟ್ಟುವುದು. ಕೋರ್ ಶಾಪಿನಲ್ಲಿ ಹೆಣ್ಣುಮಕ್ಕಳು ಕೆಲಸ ಮಾಡುತ್ತಿದ್ದರೆ ಸ್ವಂತ ಅಗತ್ಯದ ಭತ್ಯೆ 5ರ ಬದಲು 7 ಎಂಬುದನ್ನೂ ಟಿಪ್ಪಣಿಯಲ್ಲಿ ಸೇರಿಸಿಲ್ಲ. ಮರಳು ಬರಲಿಲ್ಲ, ಲೋಹ ತಡವಾಯಿತು, ಕಂಪ್ರೆಸರ್ ನಿಂತಿತು ಎಂಬ ಕಾಯುವಿಕೆ ಭತ್ಯೆಯೊಳಗೆ ಸೇರುವುದಿಲ್ಲ, ಅದನ್ನು ಬೇರೆಯಾಗಿ ಬರೆದಿಡಬೇಕು ಎಂಬ ಮಾತು ಒಂದು ಸಲ ಮಾತ್ರ ಬಂತು. ಅದನ್ನು ಗೋಡೆಗೆ ಅಂಟಿಸಬೇಕಿತ್ತು.

ರೇಟಿಂಗ್ ಅಭ್ಯಾಸಕ್ಕೆ ಹಳೆಯ ಎರಡು ಅಳತೆಗಳನ್ನೇ ಬಳಸುತ್ತಾರೆ. ಗಂಟೆಗೆ 6.4 ಕಿಲೋಮೀಟರ್ ನಡಿಗೆ 100, ಮತ್ತು 52 ಇಸ್ಪೀಟ್ ಎಲೆಗಳನ್ನು 0.375 ನಿಮಿಷದಲ್ಲಿ ಹಂಚಿದರೆ 100. ಅಂಗಳದಲ್ಲಿ 20 ಮೀಟರ್ ಗೆರೆ ಎಳೆದು ನಡೆಸಿ, ನೋಡುವವರಿಂದ ಅಂಕ ಬರೆಸುವುದು ಉಪಯುಕ್ತ. ಮೊದಲ ಸುತ್ತಿನಲ್ಲಿ ಒಬ್ಬರು 80, ಪಕ್ಕದವರು 115 ಎನ್ನುವಷ್ಟು ವ್ಯತ್ಯಾಸ ಬರುತ್ತದೆ, ನಾಲ್ಕನೇ ಸುತ್ತಿಗೆ ಅಂತರ ಕುಗ್ಗುತ್ತದೆ. ಆದರೆ ಬರೀ ನಡಿಗೆಯಲ್ಲಿ ಪಳಗಿದ ಕಣ್ಣು ಮರಳು ತುಂಬುವ ಕೈಯನ್ನು ಅಳೆಯಲಾರದು. ಆಯಾ ಕಾರ್ಖಾನೆಯದೇ ಕೆಲಸದ ಐದಾರು ವಿಡಿಯೋ ಬೇಕು. ಇಲ್ಲಿ ತೋರಿಸಿದ್ದು ಹೊರದೇಶದ ಜೋಡಣೆ ಸಾಲಿನದು.

ಮೂರನೇ ದಿನ ವರ್ಕ್ ಸ್ಯಾಂಪ್ಲಿಂಗ್, ಅಂದರೆ ಆಗಾಗ ಸುತ್ತು ಬಂದು ಕಂಡದ್ದನ್ನು ಎಣಿಸಿ ಸಮಯ ಅಂದಾಜಿಸುವುದು. ಸಂಖ್ಯಾಶಾಸ್ತ್ರಜ್ಞ ಎಲ್.ಎಚ್.ಸಿ. ಟಿಪ್ಪೆಟ್ 1930ರ ದಶಕದಲ್ಲಿ ಇಂಗ್ಲೆಂಡಿನ ಹತ್ತಿ ಗಿರಣಿಗಳಿಗಾಗಿ ರೂಪಿಸಿದ ವಿಧಾನ. ಹಾಗಾಗಿ ವಡಗಾವಿ, ಖಾಸಬಾಗದ ಪವರ್‌ಲೂಮ್ ನಡೆಸುವವರಿಗೂ ಇದು ಹೊಂದುತ್ತದೆ. ಮಗ್ಗಗಳ ನಡುವೆ ಒಂದು ಸುತ್ತು ಬಂದು ಓಡುತ್ತಿರುವುದೆಷ್ಟು, ನಿಂತದ್ದೆಷ್ಟು, ಯಾಕೆ ನಿಂತಿತು ಎಂದು ಗೀಟು ಎಳೆದರೆ ಸಾಕು, ಗಡಿಯಾರವೇ ಬೇಡ. ನಾಲ್ಕರಲ್ಲಿ ಒಂದು ಪಾಲು ಸಮಯ ಮಷೀನ್ ನಿಂತಿರುತ್ತದೆ ಎಂಬ ಅಂದಾಜಿದ್ದು, ಆಚೀಚೆ 5 ಶೇಕಡಾ ತಪ್ಪು ಸಹಿಸಬಹುದಾದರೆ 300 ನೋಟ ಬೇಕು. ಸಿ.ಎನ್.ಸಿ. (ಕಂಪ್ಯೂಟರ್ ನಡೆಸುವ) ಮಷೀನ್ ಹತ್ತು ಇದ್ದರೆ 30 ಸುತ್ತು. ಸುತ್ತಿನ ವೇಳೆಯನ್ನು ಚೀಟಿ ಎತ್ತಿ ಗೊತ್ತು ಮಾಡಬೇಕು. ಪ್ರತಿ ಗಂಟೆ ಹೊಡೆದಾಗ ಹೊರಟರೆ ಚಹಾದ ಹೊತ್ತು, ಪಾಳಿ ಬದಲಾಗುವ ಹೊತ್ತು ಮತ್ತೆ ಮತ್ತೆ ಸಿಕ್ಕು ಅಂಕಿ ಕೆಡುತ್ತದೆ. ಈ ದಿನದ ಬಗ್ಗೆ ದೂರಿಲ್ಲ.

ನಾಲ್ಕನೇ ದಿನ ಮಧ್ಯಾಹ್ನದ ಮೇಲೆ, ಎಲ್ಲರೂ ಬಸ್ಸಿನ ಚಿಂತೆಯಲ್ಲಿರುವಾಗ, ಕೆಲಸಗಾರರ ಭಾಗವಹಿಸುವಿಕೆ. ಒಂದೂವರೆ ಗಂಟೆ, ಇಂಗ್ಲಿಷ್ ಸ್ಲೈಡು. 500 ಮಂದಿ ಮೇಲ್ಪಟ್ಟ ಕಾರ್ಖಾನೆಗಳಿಗೆಂದು 1975ರಲ್ಲಿ ಬಂದ ಭಾಗವಹಿಸುವಿಕೆಯ ಯೋಜನೆ, 1976ರಲ್ಲಿ ಸಂವಿಧಾನಕ್ಕೆ ಸೇರಿದ 43ಎ ವಿಧಿ (ಆಡಳಿತದಲ್ಲಿ ಕೆಲಸಗಾರರ ಪಾಲು) ಇವೆರಡನ್ನೂ ಹೇಳಿದರು. ಸರಿ. ಆದರೆ ಉದ್ಯಮಬಾಗದ ಸಣ್ಣ ಫೌಂಡ್ರಿಯಲ್ಲಿ ಇರುವುದೇ 40-60 ಮಂದಿ. ಮಾಲೀಕ-ಕೆಲಸಗಾರರ ಜಂಟಿ ವರ್ಕ್ಸ್ ಕಮಿಟಿ ಮಾಡಬೇಕಾಗುವುದು 100 ಮಂದಿ ಇದ್ದಲ್ಲಿ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಈ ಮಿತಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಮುಂದುವರಿದಿದೆ. ಆ ಸಂಹಿತೆಯಲ್ಲಿ 20 ಮಂದಿ ಇದ್ದರೆ ಕುಂದುಕೊರತೆ ಸಮಿತಿ ಬೇಕು. ಇಲ್ಲಿಯವರಿಗೆ ನಿಜವಾಗಿ ತಟ್ಟುವುದು ಈ ಎರಡನೆಯದು, ಅದರ ಮಾತೇ ಬರಲಿಲ್ಲ.

ದೊಡ್ಡ ತಪ್ಪು ಇನ್ನೊಂದು. ಭತ್ಯೆ ಸೇರಿಸಿ ಬಂದ ಹೊಸ ಸ್ಟ್ಯಾಂಡರ್ಡ್ ಟೈಮ್ ಅನ್ನು ವರ್ಕ್ಸ್ ಕಮಿಟಿಯಲ್ಲಿಟ್ಟು ಸಹಿ ಹಾಕಿಸಿಕೊಳ್ಳಿ ಎಂದು ಹೇಳಿಕೊಟ್ಟರು. ವರ್ಕ್ಸ್ ಕಮಿಟಿ ಸಾಮಾನ್ಯವಾಗಿ ಕೈ ಹಾಕಬಾರದ ವಿಷಯಗಳೆಂದು 1959ರಲ್ಲೇ ತ್ರಿಪಕ್ಷೀಯ (ಸರ್ಕಾರ, ಮಾಲೀಕರು, ಕೆಲಸಗಾರರ) ಸಮಿತಿ ಪಟ್ಟಿ ಮಾಡಿದೆ: ಕೂಲಿ, ಬೋನಸ್, ಕೆಲಸದ ಹೊರೆ ನಿಗದಿ, ಎಷ್ಟು ಮಂದಿ ಬೇಕೆಂಬ ನಿಗದಿ, ಪ್ರೋತ್ಸಾಹಧನ. ಇವು ಯೂನಿಯನ್ ಜೊತೆ ಕೂತು ಒಪ್ಪಂದ ಮಾಡಿಕೊಳ್ಳುವ ವಿಷಯಗಳು. ಮಂದಿಯನ್ನು ಕಡಿಮೆ ಮಾಡುವ ಸಾಧ್ಯತೆ ಇರುವ ಬದಲಾವಣೆಯಾದರೆ 21 ದಿನದ ಮುಂಚಿತ ನೋಟಿಸ್ ಬೇರೆ. ಕಮಿಟಿಗೆ ತರಬೇಕಾದದ್ದು ಗಾಳಿ-ಬೆಳಕು, ಫ್ಯಾನ್, ನೀರು, ಬಾಕ್ಸ್ ಎತ್ತುವ ಹಾಯಿಸ್ಟ್, ಅಪಘಾತ ತಪ್ಪಿಸುವ ದಾರಿ. ಇವನ್ನು ಸರಿ ಮಾಡಿದರೆ ಭತ್ಯೆಯ ಅಂಕ ತಾನಾಗಿ ಇಳಿಯುತ್ತದೆ, ಮಾಲೀಕನಿಗೂ ಲಾಭ. ಸ್ಲೈಡಿನಲ್ಲಿ ಇರಬೇಕಾಗಿದ್ದದ್ದು ಈ ಕೊಂಡಿ.

ಭಾಗವಹಿಸುವಿಕೆಯನ್ನು ಕೊನೆಗೆ ಇಟ್ಟದ್ದರ ಪರಿಣಾಮ ಎರಡನೇ ದಿನವೇ ಕಾಣುತ್ತದೆ. ವಾಚ್ ಹಿಡಿದು ನಿಂತ ತಕ್ಷಣ ಮೋಲ್ಡರ್‌ಗಳ ಮಾತು ಒಂದೇ: "ಸಾಹೇಬ್ರ, ಗಡಿಯಾರ ಬಂತಂದ್ರ ಟಾರ್ಗೆಟ್ ಏರ್ತದ್ರೀ." ಬಾಕ್ಸ್ ಲೆಕ್ಕದ ಮೇಲೆ ಕೂಲಿ ಪಡೆಯುವ ಕಾಂಟ್ರಾಕ್ಟ್ ಮಂದಿಗೆ ಈ ಭಯ ಸುಳ್ಳಲ್ಲ. ಭಯ ಇದ್ದಲ್ಲಿ ಕೈ ನಿಧಾನವಾಗುತ್ತದೆ, ಎಂದೂ ಬಳಸದ ಅಳತೆಯ ಗೇಜು ಅಂದು ಹೊರಬರುತ್ತದೆ. ಅಳೆದ 1.40 ನಿಮಿಷವೇ ನಿಜವಲ್ಲದಿದ್ದರೆ ಮೂರು ದಶಾಂಶದವರೆಗೆ ಲೆಕ್ಕ ಹಾಕಿ ಏನು ಬಂತು? ವಿಧಾನ ಬದಲಾಗದೆ ಟೈಮ್ ಬದಲಿಸುವುದಿಲ್ಲ, ಅಳತೆಯ ಹಾಳೆಯನ್ನು ಯಾರು ಬೇಕಾದರೂ ನೋಡಬಹುದು, ರೇಟಿಂಗ್‌ನಲ್ಲಿ ಕೆಲಸಗಾರರ ಕಡೆಯವರೂ ಅಂಕ ಬರೆಯುತ್ತಾರೆ ಎಂಬ ಮೂರು ಮಾತುಗಳನ್ನು ಮೊದಲ ದಿನವೇ ಕನ್ನಡದಲ್ಲಿ, ಬೇಕಾದಲ್ಲಿ ಮರಾಠಿಯಲ್ಲೂ, ಬರೆದು ನೋಟಿಸ್ ಬೋರ್ಡಿಗೆ ಹಾಕಬೇಕು.

ತರಬೇತಿ ಕೊಳ್ಳುವವರು ಕೊಟೇಶನ್ ಕೇಳುವಾಗಲೇ ನಾಲ್ಕನೇ ದಿನದ ಪಾಠವನ್ನು ಮೊದಲ ಬೆಳಿಗ್ಗೆಗೆ ತರಲು, ಕೆಲಸಗಾರರ ಪ್ರತಿನಿಧಿಗಳನ್ನು ಮೂವರಿಂದ ಆರಕ್ಕೆ ಏರಿಸಲು, ತಮ್ಮದೇ ಶಾಪಿನ ವಿಡಿಯೋ ಬಳಸಲು ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಿ. ಮೂರು ತಿಂಗಳ ನಂತರ ಒಂದು ದಿನದ ಮರುಭೇಟಿಯನ್ನೂ ಅದೇ ಹಣದಲ್ಲಿ ಸೇರಿಸಿ. ಆ ಹೊತ್ತಿಗೆ ಹಾಪರ್ ಎತ್ತರ ಬದಲಾಗಿರುತ್ತದೆ ಇಲ್ಲವೇ ಹೊಸ ಪ್ಯಾಟರ್ನ್ ಬಂದಿರುತ್ತದೆ, ಹಳೆಯ 1.55 ಮಾತ್ರ ಬೋರ್ಡಿನ ಮೇಲೆ ಹಾಗೆಯೇ ಉಳಿದಿರುತ್ತದೆ.