ಅಣ್ಣ-ತಮ್ಮನ ಅಂಗಡಿಗೆ ಯಾವ ನೋಂದಣಿ? ನಾಲ್ಕು ದಾರಿಗಳ ಹೋಲಿಕೆ

ದಾವಣಗೆರೆಯಂಥ ಊರಿನಲ್ಲಿ ಅಣ್ಣ-ತಮ್ಮ ಸೇರಿ ನಡೆಸುವ ಒಂದು ಪಂಪ್‌ಸೆಟ್ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಮುಂದುಗಡೆ ಮೋಟಾರ್, ಪೈಪು, ಸ್ಟಾರ್ಟರ್ ಮಾರಾಟ, ಹಿಂದುಗಡೆ ರಿವೈಂಡಿಂಗ್. ಕೆಲಸಕ್ಕೆ ಒಂಬತ್ತು ಜನ. ವರ್ಷದ ವಹಿವಾಟು 1 ಕೋಟಿ 20 ಲಕ್ಷ, ಕೈಗೆ ಉಳಿಯುವ ಲಾಭ 8 ಲಕ್ಷ. ಇದನ್ನು ಪ್ರೊಪ್ರೈಟರ್‌ಶಿಪ್ (ಒಬ್ಬರದೇ ಮಾಲೀಕತ್ವ), ಪಾಲುದಾರಿಕೆ, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ), ಪ್ರೈವೇಟ್ ಲಿಮಿಟೆಡ್ ಕಂಪನಿ ಈ ನಾಲ್ಕರಲ್ಲಿ ಯಾವುದಾಗಿ ನೋಂದಾಯಿಸಬೇಕು? ಹೆಚ್ಚಿನವರು ನೋಂದಣಿಯ ಖರ್ಚು ನೋಡಿ ತೀರ್ಮಾನಿಸುತ್ತಾರೆ. ನಾಲ್ಕೂ ದಾರಿಯ ಕಾಗದಪತ್ರ ಓಡಿಸಿ ನೋಡಿದ ಮೇಲೆ ನಾವು ಹೇಳುವುದು ಇಷ್ಟು: ನೋಂದಣಿಯ ಖರ್ಚು ಒಂದೇ ಸಲದ್ದು. ತೆರಿಗೆ, ವಾರ್ಷಿಕ ರಿಟರ್ನ್ ಮತ್ತು ಕಾರ್ಮಿಕ ಕಾನೂನಿನ ತಲೆಯೆಣಿಕೆ, ಈ ಮೂರು ಕಡೆ ಏನಾಗುತ್ತದೆ ಎಂದು ನೋಡಿ.

ಪ್ರೊಪ್ರೈಟರ್‌ಶಿಪ್‌ಗೆ ಪ್ರತ್ಯೇಕ ನೋಂದಣಿಯೇ ಇಲ್ಲ. ಮಾಲೀಕರ ಪ್ಯಾನ್ ಸಾಕು. ಬ್ಯಾಂಕಿನವರು ಕರೆಂಟ್ ಅಕೌಂಟ್ ತೆರೆಯಲು ಅಂಗಡಿಯ ಹೆಸರಿರುವ ಎರಡು ದಾಖಲೆ ಕೇಳುತ್ತಾರೆ: ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ಪ್ರಮಾಣಪತ್ರ, ಜಿಎಸ್‌ಟಿ, ಪಾಲಿಕೆಯ ಟ್ರೇಡ್ ಲೈಸೆನ್ಸ್, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ, ಇವುಗಳಲ್ಲಿ ಯಾವುದಾದರೂ ಎರಡು. ಉದ್ಯಮ್ ನೋಂದಣಿ ಪೂರ್ತಿ ಉಚಿತ. ಹಣ ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ. ಉದ್ಯಮ್ ಅರ್ಜಿಯಲ್ಲಿ ಬರೀ ವ್ಯಾಪಾರ ಎಂದು ನಮೂದಿಸಬೇಡಿ, ರಿಪೇರಿ ಸೇವೆಯನ್ನೂ ಸೇರಿಸಿ. ಬರೀ ವ್ಯಾಪಾರಿಗಳಿಗೆ ಅದರಿಂದ ಸಿಗುವುದು ಆದ್ಯತಾ ವಲಯದ ಸಾಲದ ಅನುಕೂಲ ಮಾತ್ರ.

ಜಿಎಸ್‌ಟಿಯಲ್ಲಿ ಅರ್ಜಿ ಮರಳಿ ಬರುವುದು ಹೆಚ್ಚಾಗಿ ವಿಳಾಸದ ಕಾರಣಕ್ಕೆ. ಬೆಸ್ಕಾಂ ಬಿಲ್ಲು ತೀರಿಕೊಂಡ ತಂದೆಯ ಹೆಸರಿನಲ್ಲಿರುತ್ತದೆ, ಕಟ್ಟಡದ ಖಾತೆ ಇನ್ನೊಬ್ಬರ ಹೆಸರಿನಲ್ಲಿರುತ್ತದೆ. ಮೊದಲು ಖಾತೆ ಬದಲಿಸಿಕೊಳ್ಳಿ. ಆಗದಿದ್ದರೆ ಆಸ್ತಿ ತೆರಿಗೆ ರಸೀದಿಯ ಜೊತೆ ಈಗಿನ ಹಕ್ಕುದಾರರ ಒಪ್ಪಿಗೆ ಪತ್ರ ಇಡಿ. ವಹಿವಾಟು ಎಷ್ಟು ದಾಟಿದರೆ ನೋಂದಣಿ ಕಡ್ಡಾಯ ಎಂಬ ಮಿತಿಯ ವಿಷಯದಲ್ಲೂ ಒಂದು ತಪ್ಪು ನಡೆಯುತ್ತದೆ. 40 ಲಕ್ಷದ ಮಿತಿ ಬರೀ ಸರಕು ಮಾರುವವರಿಗೆ. ರಿವೈಂಡಿಂಗ್ ಕೂಲಿ ಸೇರಿತೆಂದರೆ ಅದು ಸೇವೆ, ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಅಂಗಡಿ ಶುರುಮಾಡಿದ ಮೊದಲ ವರ್ಷವೇ ಎಷ್ಟೋ ಜನ ಇಲ್ಲಿ ಸಿಕ್ಕಿಬೀಳುತ್ತಾರೆ.

ಪ್ರೊಪ್ರೈಟರ್‌ಶಿಪ್‌ನ ಕೊರತೆ ಎಂದರೆ ತಮ್ಮನಿಗೆ ಅದರಲ್ಲಿ ಜಾಗವಿಲ್ಲ. ಅಣ್ಣನ ಹೆಸರಿನಲ್ಲಿ ಅಂಗಡಿ, ತಮ್ಮ ಬಾಯಿಮಾತಿನ ಪಾಲುದಾರ. ಇಂಥ ಏರ್ಪಾಡು ಮುಂದೆ ಮನೆ ಮುರಿಯುವುದನ್ನು ನೋಡಿದ್ದೇವೆ. ಹತ್ತು ವರ್ಷ ದುಡಿದ ತಮ್ಮನ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ಪಾಲುದಾರಿಕೆಯಲ್ಲಿ ಆ ಕಾಗದ ಸಿಗುತ್ತದೆ. ಛಾಪಾ ಕಾಗದದ ಮೇಲೆ ಕರಾರುಪತ್ರ, ಸಂಸ್ಥೆಗೆ ಬೇರೆ ಪ್ಯಾನ್, ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ. ನೋಂದಣಿ ಕಡ್ಡಾಯವಲ್ಲ ಎಂದು ಹೇಳಿ ಬಿಟ್ಟುಬಿಡುವವರಿದ್ದಾರೆ. ಬಿಡಬೇಡಿ. 1932ರ ಪಾಲುದಾರಿಕೆ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ನೋಂದಣಿಯಾಗದ ಸಂಸ್ಥೆ ಕರಾರಿನ ಹಣಕ್ಕಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಸುಗ್ಗಿಯವರೆಗೆ ಉದ್ರಿ ಕೊಡುವ ಅಂಗಡಿಗೆ ಇದು ದೊಡ್ಡ ಪೆಟ್ಟು. ಕರಾರಿನಲ್ಲಿ ಎರಡು ಮಾತು ಮರೆಯದೆ ಬರೆಸಿ. ಒಂದು, ಒಬ್ಬ ಪಾಲುದಾರ ತೀರಿಕೊಂಡರೆ ಸಂಸ್ಥೆ ವಿಸರ್ಜನೆ ಆಗಬಾರದು. ಇಬ್ಬರೇ ಇರುವಲ್ಲಿ ಅವರ ವಾರಸುದಾರರು ಒಳಬರುವ ಬಗೆ ಹೇಗೆಂದು ಇರಲಿ. ಎರಡು, ಪಾಲುದಾರರ ಸಂಬಳ ಎಷ್ಟು ಅಥವಾ ಯಾವ ಲೆಕ್ಕದಲ್ಲಿ ಎಂದು ಸ್ಪಷ್ಟವಾಗಿರಲಿ. ‘ಪರಸ್ಪರ ಒಪ್ಪಿದಂತೆ’ ಎಂದಷ್ಟೇ ಬರೆದರೆ ಆದಾಯ ತೆರಿಗೆಯವರು ಆ ಸಂಬಳವನ್ನು ಖರ್ಚೆಂದು ಒಪ್ಪುವುದಿಲ್ಲ.

ಈ ಎರಡನೇ ಮಾತಿನಲ್ಲಿ ಎಷ್ಟು ದುಡ್ಡಿದೆ ನೋಡಿ. ಪಾಲುದಾರಿಕೆಗೂ ಎಲ್‌ಎಲ್‌ಪಿಗೂ ತೆರಿಗೆ ಮೊದಲ ರೂಪಾಯಿಯಿಂದಲೇ ಶೇ 30, ಸೆಸ್ ಸೇರಿ ಶೇ 31.2. ಪಾಲುದಾರಿಕೆಗೆ ಅಂದಾಜು ಲಾಭದ ಯೋಜನೆ (ಪೂರ್ತಿ ಲೆಕ್ಕಪುಸ್ತಕ ಇಡದೆ ವಹಿವಾಟಿನ ಇಂತಿಷ್ಟು ಪಾಲನ್ನು ಲಾಭವೆಂದು ತೋರಿಸುವ ಅನುಕೂಲ) ಸಿಗುತ್ತದೆ, ಎಲ್‌ಎಲ್‌ಪಿಗೆ ಸಿಗುವುದಿಲ್ಲ. ಅದೇ ಕಾರಣಕ್ಕೆ ಪಾಲುದಾರಿಕೆಯೇ ವಾಸಿ ಎನ್ನುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಆದರೆ ಆ ಯೋಜನೆಯಲ್ಲಿ ಪಾಲುದಾರರ ಸಂಬಳ ಕಳೆಯಲು ಬಿಡುವುದಿಲ್ಲ. 8 ಲಕ್ಷ ಲಾಭ ತೋರಿಸಿದರೆ ತೆರಿಗೆ 2,49,600 ರೂಪಾಯಿ. ಬದಲಿಗೆ ಲೆಕ್ಕಪುಸ್ತಕ ಇಟ್ಟು ಸಂಬಳ ಕಳೆಯಿರಿ: ಮೊದಲ 6 ಲಕ್ಷಕ್ಕೆ ಶೇ 90, ಅಂದರೆ 5.4 ಲಕ್ಷ, ಉಳಿದ 2 ಲಕ್ಷಕ್ಕೆ ಶೇ 60, ಅಂದರೆ 1.2 ಲಕ್ಷ. ಸಂಸ್ಥೆಯಲ್ಲಿ ಉಳಿಯುವುದು 1.4 ಲಕ್ಷ, ತೆರಿಗೆ 43,680. ಅಣ್ಣ-ತಮ್ಮನ ಕೈಗೆ ಬರುವುದು ತಲಾ 3.3 ಲಕ್ಷ, ಬೇರೆ ಆದಾಯವಿಲ್ಲದಿದ್ದರೆ ಅದಕ್ಕೆ ತೆರಿಗೆಯಿಲ್ಲ. ನಗದು ವ್ಯವಹಾರ ಶೇ 5 ದಾಟಿದ್ದು ವಹಿವಾಟು 1 ಕೋಟಿ ಮೀರಿದರೆ ತೆರಿಗೆ ಆಡಿಟ್ ಮಾಡಿಸಬೇಕು ನಿಜ. ಆಡಿಟರ್ ಫೀಸು ಕಳೆದರೂ ಲಾಭ ನಿಮ್ಮದೇ. 2025ರ ಏಪ್ರಿಲ್‌ನಿಂದ ಪಾಲುದಾರರ ಸಂಬಳ ವರ್ಷಕ್ಕೆ 20,000 ದಾಟಿದರೆ ಶೇ 10 ಟಿಡಿಎಸ್ ಹಿಡಿಯಬೇಕು; ಇದನ್ನು ಹೊಸ ಸಂಸ್ಥೆಗಳು ಮರೆಯುತ್ತಿವೆ.

ಒಬ್ಬರೇ ಮಾಲೀಕರಿದ್ದರೆ ಲೆಕ್ಕ ಬೇರೆ. ಪ್ರೊಪ್ರೈಟರ್‌ಗೆ ಅಂದಾಜು ಯೋಜನೆ ನಿಜಕ್ಕೂ ವರ. ಹೊಸ ತೆರಿಗೆ ಪದ್ಧತಿಯಲ್ಲಿ 8 ಲಕ್ಷಕ್ಕೆ ಕಟ್ಟುವುದು ಸೊನ್ನೆ.

ಎಲ್‌ಎಲ್‌ಪಿ ಮತ್ತು ಕಂಪನಿಯ ಆಕರ್ಷಣೆ ‘ಸೀಮಿತ ಹೊಣೆ’, ಅಂದರೆ ಅಂಗಡಿಯ ಸಾಲಕ್ಕೆ ಮಾಲೀಕರ ಮನೆ-ಆಸ್ತಿ ಹೊಣೆಯಲ್ಲ. ಕಾಗದದ ಮೇಲೆ ಅದು ದೊಡ್ಡದು. ಸಣ್ಣ ಅಂಗಡಿಯ ಮಟ್ಟದಲ್ಲಿ ಬ್ಯಾಂಕ್ ಓವರ್‌ಡ್ರಾಫ್ಟ್ ಸಾಲಕ್ಕೆ ವೈಯಕ್ತಿಕ ಜಾಮೀನು ಬರೆಸಿಕೊಳ್ಳುತ್ತದೆ, ಸರಕು ಕೊಡುವವರು ಖಾಲಿ ಚೆಕ್ ಇಟ್ಟುಕೊಳ್ಳುತ್ತಾರೆ. ಅಲ್ಲಿಗೆ ಮನೆ ಮತ್ತೆ ಹೊಣೆಗೆ ಬಂತು. ಎಲ್‌ಎಲ್‌ಪಿಗೆ ನೋಂದಣಿಯಾದ 30 ದಿನದೊಳಗೆ ಒಪ್ಪಂದವನ್ನು ಫಾರಂ 3ರಲ್ಲಿ ಸಲ್ಲಿಸಬೇಕು, ಪ್ರತಿ ವರ್ಷ ಮೇ 30ರೊಳಗೆ ವಾರ್ಷಿಕ ರಿಟರ್ನ್ ಫಾರಂ 11, ಅಕ್ಟೋಬರ್ 30ರೊಳಗೆ ಲೆಕ್ಕಪತ್ರದ ಫಾರಂ 8. ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟಿದರೆ ಆಡಿಟ್. ನಮ್ಮ ಅಂಗಡಿಗೆ ಆಡಿಟ್ ಹೇಗೂ ಬಂತು.

ಪ್ರೈವೇಟ್ ಲಿಮಿಟೆಡ್ ಆದರೆ ಒಂದು ರೂಪಾಯಿ ವ್ಯಾಪಾರವಾಗದಿದ್ದರೂ ಆಡಿಟ್ ಇದ್ದೇ ಇದೆ. ಷೇರು ಹಣ ಖಾತೆಗೆ ಹಾಕಿ 180 ದಿನದೊಳಗೆ ವ್ಯಾಪಾರ ಆರಂಭದ ಘೋಷಣೆಯಾದ ಐಎನ್‌ಸಿ-20ಎ ಸಲ್ಲಿಸಬೇಕು. ಲೆಕ್ಕಪತ್ರದ ಎಒಸಿ-4, ವಾರ್ಷಿಕ ರಿಟರ್ನ್ ಎಂಜಿಟಿ-7ಎ ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ, ಅದಕ್ಕೆ ಮೇಲ್ಮಿತಿ ಇಲ್ಲ. ಮೂರು ವರ್ಷ ಸತತವಾಗಿ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹ. ಮುಚ್ಚಬೇಕೆಂದರೂ ಬಾಕಿ ರಿಟರ್ನ್‌ಗಳನ್ನೆಲ್ಲ ತುಂಬಿ, ಎಸ್‌ಟಿಕೆ-2 ಅರ್ಜಿಗೆ 10,000 ಕಟ್ಟಬೇಕು. ಷೇರು ಕೊಟ್ಟು ಹೊರಗಿನ ಹೂಡಿಕೆ ತರುವವರಿಗೆ ಇದು ಬೇಕೇ ಬೇಕು. ಪಂಪ್‌ಸೆಟ್ ಅಂಗಡಿಗೆ ಬೇಡ.

ಇನ್ನು ಕಾರ್ಮಿಕ ಕಾನೂನು. ಇದು ನೋಂದಣಿಯ ಬಗೆ ನೋಡುವುದಿಲ್ಲ, ತಲೆ ಎಣಿಸುತ್ತದೆ ಎನ್ನುತ್ತಾರೆ. ಅರ್ಧ ನಿಜ. ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐ ಅನ್ವಯವಾಗಲು ಹತ್ತು ಜನ, ಪಿಎಫ್‌ಗೆ ಇಪ್ಪತ್ತು ಜನ. ಗುತ್ತಿಗೆಯವರೂ ಎಣಿಕೆಗೆ ಬರುತ್ತಾರೆ, ಸಂಬಳ ಇಎಸ್‌ಐ ಮಿತಿಯಾದ 21,000 ಮೀರಿದವರೂ ಬರುತ್ತಾರೆ. ಆದರೆ ಪಾಲುದಾರ ಸಂಬಳ ಪಡೆದರೂ ನೌಕರನಲ್ಲ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಕಂಪನಿಯಿಂದ ಸಂಬಳ ಪಡೆಯುವ ನಿರ್ದೇಶಕ ನೌಕರನಾಗಬಲ್ಲ ಎಂದೂ 1997ರಲ್ಲಿ ಹೇಳಿದೆ. ಅಂದರೆ ಅದೇ ಅಂಗಡಿ ಪಾಲುದಾರಿಕೆಯಾದರೆ ಒಂಬತ್ತು ಜನ, ಪ್ರೈವೇಟ್ ಲಿಮಿಟೆಡ್ ಆದರೆ ಸಂಬಳ ಪಡೆಯುವ ನಿರ್ದೇಶಕರಾದ ಅಣ್ಣ-ತಮ್ಮ ಸೇರಿ ಹನ್ನೊಂದು ಆಗಬಹುದು. ಕಂಪನಿ ನೋಂದಣಿಯ ಸ್ಪೈಸ್ ಪ್ಲಸ್ ಅರ್ಜಿಯ ಜೊತೆಗೇ ಪಿಎಫ್, ಇಎಸ್‌ಐ ಸಂಖ್ಯೆಗಳೂ ಹುಟ್ಟುತ್ತವೆ. ಮಿತಿ ಮುಟ್ಟುವವರೆಗೆ ಹಣ ಕಟ್ಟಬೇಕಿಲ್ಲ, ಆದರೂ ಬರುವ ನೋಟಿಸಿಗೆ ಉತ್ತರ ಕೊಡದೆ ಸುಮ್ಮನಿರಬೇಡಿ.

ಇಎಸ್‌ಐ ಬಂದರೆ ಹೆದರುವಂಥದ್ದೇನೂ ಇಲ್ಲ. 16,000 ಸಂಬಳಕ್ಕೆ ಮಾಲೀಕರದು ಶೇ 3.25, ಅಂದರೆ 520. ಕೆಲಸಗಾರರದು ಶೇ 0.75, ಅಂದರೆ 120. ಚಿಕಿತ್ಸೆ, ಕಾಯಿಲೆ ರಜೆಯ ಭತ್ಯೆ, ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಎಲ್ಲ ಅದರಲ್ಲಿದೆ. ಸುರುಳಿ ಸುತ್ತುವವರಿಗೆ ವಿದ್ಯುತ್ ಆಘಾತದ ಅಪಾಯ ದಿನವೂ ಇದೆ. ಒಂಬತ್ತಕ್ಕೇ ನಿಲ್ಲಿಸಲು ಹತ್ತನೆಯವರ ಹೆಸರನ್ನು ಪುಸ್ತಕದಲ್ಲಿ ಬರೆಯದಿರುವುದು ನಮಗೆ ಸುತರಾಂ ಒಪ್ಪಿಗೆಯಿಲ್ಲ. ಅಪಘಾತವಾದ ದಿನ ಆ ಮನುಷ್ಯನಿಗೂ ಅಂಗಡಿಗೂ ಯಾವ ರಕ್ಷಣೆಯೂ ಇರುವುದಿಲ್ಲ. ಒಮ್ಮೆ ಅನ್ವಯವಾದ ಮೇಲೆ ಸಂಖ್ಯೆ ಇಳಿದರೂ ಇಎಸ್‌ಐ, ಪಿಎಫ್ ಮುಂದುವರಿಯುತ್ತವೆ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು. ಕೆಲಸ ಬಿಟ್ಟವರ ಸಂಬಳದ ಬಾಕಿ ಎರಡು ಕೆಲಸದ ದಿನದೊಳಗೆ ತೀರಿಸಬೇಕು. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರುವಂತಿಲ್ಲ: 20,000ದಲ್ಲಿ ಮೂಲ ವೇತನ 7,000, ಬಾಕಿ 13,000 ಬಾಡಿಗೆ-ಓಡಾಟದ ಭತ್ಯೆ ಎಂದು ಬರೆದಿದ್ದರೆ, ಮಿತಿ ಮೀರಿದ 3,000 ಮರಳಿ ವೇತನಕ್ಕೆ ಸೇರಿ 10,000 ಆಗುತ್ತದೆ. ಗ್ರಾಚ್ಯುಟಿ ಲೆಕ್ಕವೂ ಅದರ ಮೇಲೆಯೇ.

ಪಿಎಫ್ ಹಂತ ತಲುಪಿದಾಗ 15,000 ವೇತನಕ್ಕೆ ಕೆಲಸಗಾರರಿಂದ 1,800, ಮಾಲೀಕರಿಂದ 1,800, ವಿಮೆಗೆ 75, ಆಡಳಿತ ಶುಲ್ಕಕ್ಕೆ 75. ಇಎಸ್‌ಐ, ಪಿಎಫ್ ಎರಡಕ್ಕೂ ಕಟ್ಟುವ ಗಡುವು ಮುಂದಿನ ತಿಂಗಳ 15. ಕೆಲಸಗಾರರಿಂದ ಹಿಡಿದ ಪಾಲನ್ನು 16ಕ್ಕೆ ಕಟ್ಟಿದರೂ 1961ರ ಆದಾಯ ತೆರಿಗೆ ಕಾಯ್ದೆಯಡಿ ಅದು ಖರ್ಚಾಗಿ ಎಂದಿಗೂ ಸಿಗುವುದಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. 15ನೇ ತಾರೀಕು ಸರ್ವರ್ ನಿಧಾನವಾಗುವುದು ಮಾಮೂಲು, 10ರೊಳಗೆ ಮುಗಿಸಿ.

ನಮ್ಮ ಆಯ್ಕೆ ನೋಂದಾಯಿತ ಪಾಲುದಾರಿಕೆ, ಸಂಬಳದ ಕಲಂ ಸ್ಪಷ್ಟವಾಗಿ ಬರೆದ ಕರಾರಿನೊಂದಿಗೆ. ಹೊರಗಿನ ಮೂರನೆಯವರು ಪಾಲುದಾರರಾಗಿ ಬಂಡವಾಳ ಹಾಕುವ ಮಾತು ಬಂದ ದಿನ ಎಲ್‌ಎಲ್‌ಪಿಗೆ ಹೋಗಿ. ಆಗ ಜಿಎಸ್‌ಟಿ ಸಂಖ್ಯೆ ಬದಲಾಗುತ್ತದೆ. ಹಳೆಯದನ್ನು ರದ್ದು ಮಾಡಿಸುವ ಮೊದಲೇ ಐಟಿಸಿ-02 ಸಲ್ಲಿಸಿ ಉಳಿದ ತೆರಿಗೆ ಜಮೆಯನ್ನು ಹೊಸ ಸಂಖ್ಯೆಗೆ ವರ್ಗಾಯಿಸಿಕೊಳ್ಳಿ.