ಹಳೇ ಜೀಪಿನ ಟೈಟ್ ಸ್ಟೇರಿಂಗ್: ಕಿಂಗ್‌ಪಿನ್ ಕೆಲಸವೋ, ಪವರ್ ಸ್ಟೇರಿಂಗೋ?

ಹಳೇ ಜೀಪಿನ ಸ್ಟೇರಿಂಗ್ ಟೈಟ್ ಆಗಿದೆಯಾ? ಪವರ್ ಸ್ಟೇರಿಂಗ್‌ಗೆ ದುಡ್ಡು ಹಾಕುವ ಮೊದಲು ಕಿಂಗ್‌ಪಿನ್, ಬೆಲ್‌ಕ್ರ್ಯಾಂಕ್ ಎರಡನ್ನೂ ಬಿಚ್ಚಿಸಿ ನೋಡಿ. ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವುದು ಕಿಂಗ್‌ಪಿನ್ ಮೇಲೆ; ಸ್ಟೇರಿಂಗಿನ ಎಳೆತವನ್ನು ಎರಡೂ ಚಕ್ರಕ್ಕೆ ದಾಟಿಸುವ ತಿರುಗುವ ತೋಳು ಬೆಲ್‌ಕ್ರ್ಯಾಂಕ್. ಮೂರು ಥರದ ಗಾಡಿ ಓಡಿಸಿದ ಮೇಲೆ ನಾನು ನಿಂತಿರುವುದು ಇಲ್ಲೇ.

ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿರುವುದು ಸಿಜೆ ಮಾದರಿಯ ಹಳೇ ಜೀಪ್. ನಾನು ಮಾಡಿಸಿದ್ದು ಕಿಂಗ್‌ಪಿನ್ ಕೆಲಸ. ಆಲ್ದೂರಿನ ಭಾವ ತಮ್ಮ ಜೀಪಿಗೆ ಗುಜರಿಗೆ ಬಂದ ಸಣ್ಣ ಕಾರಿನ ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ಕೂರಿಸಿದ್ದಾರೆ. ಪಕ್ಕದ ತೋಟದವರದ್ದು ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದಿಂದ ನಡೆಯುವ ಪವರ್ ಸ್ಟೇರಿಂಗ್. ಕೊಯ್ಲಿನ ಹೊತ್ತಿನಲ್ಲಿ ಗಾಡಿ ಅದಲುಬದಲಾಗುವುದು ನಮ್ಮಲ್ಲಿ ಮಾಮೂಲು. ಹಾಗಾಗಿ ಮೂರನ್ನೂ ಕಾಫಿ ಮೂಟೆ ಹೇರಿಕೊಂಡು, ಅದೇ ಏರು, ಅದೇ ತಿರುವುಗಳಲ್ಲಿ ಓಡಿಸಿದ್ದೇನೆ.

ಮೊದಲು ತೊಂದರೆ ಎಲ್ಲಿದೆ ಅಂತ ಗೊತ್ತಾಗಬೇಕು. ಇದಕ್ಕೆ ಖರ್ಚಿಲ್ಲ. ಮುಂದಿನ ಎರಡೂ ಚಕ್ರ ಜಾಕಿಯಲ್ಲಿ ಎತ್ತಿ, ಆಕ್ಸಲ್ ಕೆಳಗೆ ಗಟ್ಟಿಯಾಗಿ ಸ್ಟ್ಯಾಂಡ್ ಕೊಡಿ. ಸ್ಟೇರಿಂಗ್ ತಿರುಗಿಸಿ. ಹಗುರಾಗಿ ತಿರುಗಿದರೆ ಟೈರು, ಗಾಳಿ, ಅಲೈನ್‌ಮೆಂಟ್ ನೋಡಿಕೊಳ್ಳಿ. ಚಕ್ರ ನೆಲ ಬಿಟ್ಟಿದ್ದರೂ ಟೈಟ್ ಇದೆ ಅಂದರೆ ಸ್ಟೇರಿಂಗ್ ಬಾಕ್ಸಿನಿಂದ ಬರುವ ಡ್ರ್ಯಾಗ್ ಲಿಂಕ್ ಎಂಬ ಸರಳು ಬಿಚ್ಚಿ. ಈಗ ಸ್ಟೇರಿಂಗ್ ಮಾತ್ರ ತಿರುಗಿಸಿದಾಗ ಬಿಗಿ ಇದ್ದರೆ ತೊಂದರೆ ಬಾಕ್ಸಿನಲ್ಲೋ ಸ್ಟೇರಿಂಗ್ ಕೂತಿರುವ ಕಂಬದಲ್ಲೋ, ಅಂದರೆ ಕಾಲಮ್ಮಿನಲ್ಲೋ ಇದೆ. ಅದು ಸಲೀಸಾಗಿದ್ದರೆ ಚಕ್ರಗಳಿಗೆ ಹೋಗುವ ಸರಳುಗಳಾದ ಟೈರಾಡ್‌ಗಳನ್ನೂ ಬಿಡಿಸಿ, ಒಂದೊಂದೇ ಚಕ್ರವನ್ನು ಕೈಯಲ್ಲಿ ಹಿಡಿದು ಆಚೆ ಈಚೆ ತಿರುಗಿಸಿ. ನಮ್ಮ ಗಾಡಿಯಲ್ಲಿ ಬಾಕ್ಸ್ ಚೆನ್ನಾಗಿತ್ತು. ಎಡ ಚಕ್ರ ಮಾತ್ರ ಜಗ್ಗಲಿಲ್ಲ.

ಚಕ್ರದ ಜೊತೆ ತಿರುಗುವ, ಕಿಂಗ್‌ಪಿನ್ ಬೇರಿಂಗ್ ಇರುವ ಭಾಗಕ್ಕೆ ನಕಲ್ (knuckle) ಅನ್ನುತ್ತಾರೆ. ಅದನ್ನು ಬಿಚ್ಚಿದಾಗ ಕಾರಣ ಕಣ್ಣಿಗೇ ಕಂಡಿತು. ಸೀಲ್ ಹರಿದು ಮಳೆಗಾಲದ ಕೆಸರು ನೀರು ಒಳಗೆ ಹೋಗಿತ್ತು. ಗ್ರೀಸು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಬೇರಿಂಗ್ ಕಪ್ಪಿನಲ್ಲಿ ರೋಲರ್‌ಗಳು ಕೂತು ಕೂತು ಗುಳಿ ಬಿದ್ದಿದ್ದವು. ನೇರ ರಸ್ತೆಯಲ್ಲಿ ಸ್ಟೇರಿಂಗ್ ನಡುವಿನಲ್ಲೇ ಕಚ್ಚಿಕೊಳ್ಳುತ್ತಿದ್ದದ್ದು ಇದಕ್ಕೇ. ಬೇರಿಂಗು, ಸೀಲು, ಬೆಲ್‌ಕ್ರ್ಯಾಂಕ್ ಪಿನ್ನು, ಬುಷ್ಷು ಎಲ್ಲಾ ಹೊಸದು ಹಾಕಿಸಿದೆ. ಸಾಮಾನು, ಕೂಲಿ ಸೇರಿ ಹತ್ತು ಸಾವಿರದ ಒಳಗೇ ಮುಗಿಯಿತು.

ಈ ಕೆಲಸದಲ್ಲಿ ತಲೆ ತಿನ್ನುವುದು ಒಂದೇ: ಶಿಮ್. ಕಿಂಗ್‌ಪಿನ್ ಕ್ಯಾಪಿನ ಅಡಿಗೆ ಕೂರುವ ತೆಳು ಲೋಹದ ಪಟ್ಟಿ ಅದು. ಬೇರಿಂಗ್ ಎಷ್ಟು ಬಿಗಿಯಾಗಿ ಕೂರಬೇಕು ಅನ್ನುವುದನ್ನು ತೀರ್ಮಾನಿಸುವುದು ಅದೇ. ಶಿಮ್ ತೆಗೆದರೆ ಬಿಗಿ ಜಾಸ್ತಿ, ಸೇರಿಸಿದರೆ ಸಡಿಲ. ನಮಗೆ ಸಿಕ್ಕ ಕಿಟ್‌ನಲ್ಲಿ ಬೇರಿಂಗ್ ಇತ್ತು, ಶಿಮ್ ಇರಲಿಲ್ಲ. ಅಂಗಡಿಯಲ್ಲಿ ಕೇಳಿದರೆ ಒಂದೇ ದಪ್ಪದ ಶಿಮ್‌ಗಳ ಪೊಟ್ಟಣ ಕೊಟ್ಟರು. ಬೇಕಾದದ್ದು 3, 5, 10 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಹೀಗೆ ಬೇರೆ ಬೇರೆ ದಪ್ಪದವು. ಹಳೆಯ ಶಿಮ್‌ಗಳು ಬಿಚ್ಚುವಾಗಲೇ ಹರಿದು ಹೋಗಿದ್ದವು.

ಗ್ಯಾರೇಜಿನವರು ಏನು ಮಾಡಿದರು ಗೊತ್ತಾ? ಶಿಮ್ ಇಲ್ಲದೆ ಬೋಲ್ಟ್ ಬಿಗಿದು ಕಳಿಸಿದರು. ಹೊಸ ಬೇರಿಂಗ್ ಹಾಕಿದ ಮೇಲೂ ಸ್ಟೇರಿಂಗ್ ಮೊದಲಿನಷ್ಟೇ ಟೈಟ್. ಅದಕ್ಕಿಂತ ಕೆಟ್ಟದ್ದೆಂದರೆ, ತಿರುವು ದಾಟಿದ ಮೇಲೆ ಚಕ್ರ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ. ಚಾರ್ಮಾಡಿ ಘಾಟಿಯಂಥ ರಸ್ತೆಯಲ್ಲಿ ಇದು ಬಹಳ ಅಪಾಯ. "ಸ್ವಲ್ಪ ದಿನ ಓಡಿಸಿ ಸಾರ್, ಸೆಟ್ ಆಗುತ್ತೆ" ಎಂದರು. ಆಗುವುದಿಲ್ಲ. ಹಾಗೆ ಓಡಿಸಿದರೆ ಹೊಸ ಬೇರಿಂಗ್ ಹಾಳಾಗುತ್ತದೆ, ಅಷ್ಟೇ.

ಆಮೇಲೆ ಗಾಡಿಯನ್ನು ಚಿಕ್ಕಮಗಳೂರಿನ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ಒಯ್ದೆ. ಅವರು ಸೀಲ್ ಹಾಕುವ ಮೊದಲು ನಕಲ್ ತೋಳಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡಿದರು. ತಿರುಗಲು ಎಷ್ಟು ಎಳೆತ ಬೇಕು ಅಂತ ಅದು ತೋರಿಸುತ್ತದೆ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಅಳತೆ ಬರುವವರೆಗೆ ಶಿಮ್ ಬದಲಿಸುತ್ತಲೇ ಇದ್ದರು. ಕಾಫಿ ಹಣ್ಣು ತೂಗುವ ದೊಡ್ಡ ತಕ್ಕಡಿ ಇದಕ್ಕೆ ಆಗುವುದಿಲ್ಲ, ಮೀನು ತೂಗುವಂಥ ಸಣ್ಣದು ಬೇಕು. ನೀವು ಮಾಡಿಸುವಾಗ ಮೊದಲೇ ಕೇಳಿ: "ಶಿಮ್ ಇದೆಯಾ, ತಕ್ಕಡಿ ಹಾಕಿ ನೋಡುತ್ತೀರಾ?" ಇಲ್ಲ ಅಂದರೆ ಗಾಡಿ ಬಿಚ್ಚಲು ಬಿಡಬೇಡಿ.

ಇನ್ನು ಭಾವನ ಎಲೆಕ್ಟ್ರಿಕ್. ನಿಂತಲ್ಲೇ ಒಂದು ಬೆರಳಲ್ಲಿ ತಿರುಗುತ್ತದೆ, ಸುಳ್ಳು ಹೇಳುವುದಿಲ್ಲ. ಅಕ್ಕನೂ ಈಗ ಆ ಜೀಪ್ ಓಡಿಸುತ್ತಾಳೆ, ಅದು ದೊಡ್ಡ ವಿಷಯ. ಆದರೆ ಮೋಟಾರ್ ಕೂತಿರುವುದು ಕಾಲಮ್ಮಿನ ಮೇಲೆ. ಕೆಳಗಿನ ಬಿಗಿ ಹಾಗೇ ಇದೆ. ಆ ಬಿಗಿಯನ್ನು ಮೋಟಾರ್ ಒತ್ತಾಯದಿಂದ ತಿರುಗಿಸುತ್ತದೆ, ಹೊಡೆತವೆಲ್ಲ ಹಳೇ ಬಾಕ್ಸು, ಹಳೇ ಲಿಂಕುಗಳ ಮೇಲೆ. ಗಾಡಿಯ ವೇಗ ಎಷ್ಟು ಅಂತ ಮೋಟಾರಿಗೆ ತಿಳಿಸುವ ಸಿಗ್ನಲ್ ಕೊಟ್ಟಿಲ್ಲದ್ದರಿಂದ ಸ್ಪೀಡಿನಲ್ಲೂ ಅಷ್ಟೇ ಹಗುರ, ರಸ್ತೆ ಕೈಗೆ ಗೊತ್ತಾಗುವುದಿಲ್ಲ. ನಿಂತು ತಿರುಗಿಸುವಾಗ ಕರೆಂಟ್ ಜಾಸ್ತಿ ಎಳೆಯುತ್ತದೆ, ಹೆಡ್‌ಲೈಟ್ ಮಂಕಾಗುತ್ತದೆ. ಮುಚ್ಚಿದ ಕಾರಿನ ಒಳಗೆ ಇರಬೇಕಾದ ಮೋಟಾರ್ ತೆರೆದ ಜೀಪಿನಲ್ಲಿ ಮಲೆನಾಡಿನ ಮಳೆಗೆ ಸಿಕ್ಕರೆ? ಹೋದ ಮಳೆಗಾಲದಲ್ಲಿ ಅದು ಕೈಕೊಟ್ಟಾಗ ಸ್ಟೇರಿಂಗ್ ಮೊದಲಿಗಿಂತ ಭಾರವಾಯಿತು, ಯಾಕೆಂದರೆ ಸತ್ತ ಮೋಟಾರನ್ನೂ ಕೈಯೇ ತಿರುಗಿಸಬೇಕು. ಖರ್ಚು ನನ್ನದರ ಎರಡು ಪಟ್ಟು ದಾಟಿತ್ತು.

ಹೈಡ್ರಾಲಿಕ್ ಓಡಿಸಲು ಬಹಳ ಇಷ್ಟವಾಯಿತು. ಕಲ್ಲಿಗೆ ಚಕ್ರ ಬಡಿದರೆ ಕೈಗೆ ಏಟು ಬರುವುದಿಲ್ಲ. ಆದರೆ ಪಂಪು, ಪೈಪು, ಬೇರೆ ಬಾಕ್ಸು, ಚಾಸಿಗೆ ವೆಲ್ಡಿಂಗು, ಎಲ್ಲಾ ಸೇರಿ ನನ್ನ ಕೈಗೆ ಎಟುಕದು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಯಲ್ಲಿರುವುದಕ್ಕೂ ವ್ಯತ್ಯಾಸ ಬರುವಂಥ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಚಾಸಿ ಮುಟ್ಟುವ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ.

ಟೈರ್ ಬಗ್ಗೆ ಒಂದು ಮಾತು: ಜೀಪಿಗೆ ಬರುತ್ತಿದ್ದ 6.00-16 ಸಣ್ಣ ಟೈರೇ ಸ್ಟೇರಿಂಗ್‌ಗೆ ಹಗುರ. ಟಾರ್ ರಸ್ತೆಯಲ್ಲಿ ಫೋರ್‌ವೀಲ್ ಹಾಕಿಕೊಂಡೇ ಓಡಿಸಿದರೂ ಟೈಟ್ ಆಗುತ್ತದೆ, ಅದನ್ನೂ ನೋಡಿಕೊಳ್ಳಿ.

ನಾನು ಓಡಿಸುವುದು ತೋಟದಿಂದ ಊರಿಗೆ, ನಿಧಾನಕ್ಕೆ. ಮಳೆಗಾಲಕ್ಕೆ ಮುಂಚೆ, ಮುಗಿದ ಮೇಲೆ ಗ್ರೀಸ್ ತುಂಬುವ ನಿಪ್ಪಲ್‌ಗಳಿಗೆ ನಾನೇ ಗ್ರೀಸ್ ಗನ್ ಹಿಡಿಯುತ್ತೇನೆ. ಅಷ್ಟು ಮಾಡುವವರಿಗೆ ಕಿಂಗ್‌ಪಿನ್ ಕೆಲಸ ಸಾಕು. ಭುಜ ನೋವು ಇರುವವರು, ಮನೆಯಲ್ಲಿ ಎಲ್ಲರೂ ಓಡಿಸಬೇಕು ಅನ್ನುವವರು ಇದನ್ನು ಮುಗಿಸಿಕೊಂಡೇ ಮೋಟಾರ್ ಕಡೆ ಹೋಗಲಿ. ಭಾವನೂ ಈಗ ಒಪ್ಪಿದ್ದಾರೆ. ಕೊಯ್ಲು ಮುಗಿದ ಕೂಡಲೇ ಅವರ ಜೀಪಿನ ನಕಲ್ ಬಿಚ್ಚಿಸುತ್ತೇವೆ. ಶಿಮ್‌ಗಳನ್ನು ಈಗಲೇ ತರಿಸಿ ಇಟ್ಟಿದ್ದೇನೆ, ಮೂರೂ ದಪ್ಪದವು.